ಭಾಂಡೆ ತೊಳೆಯುವ ಪೆಟ್ಟಿಗೆಯ ಗರಗರ

ಹೋದ ವಾರದಿಂದ ನಮ್ಮ ಮನೆಯ ಪಾತ್ರೆ ತೊಳೆಯುವ ಯಂತ್ರ ಗೊರಗೊರ ಎನ್ನತೊಡಗಿದೆ. ರಾಯಚೂರಿನ ಬಿಸಿಲಿಗೆ ಮನುಷ್ಯರೇ ದಿನವಿಡೀ ಗೊಣಗುತ್ತಾರೆ, ಯಂತ್ರ ಗೊಣಗಿದರೆ ತಪ್ಪೇನು ಎಂದು ಮೊದಮೊದಲು ಸುಮ್ಮನಿದ್ದೆ. ಆಮೇಲೊಂದು ದಿನ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಿ, "ಇದೇನು, ಅಡಗಿ ಮನ್ಯಾಗ ಲಾರಿ ನಿಂತದೇನು?" ಎಂದು ಕೇಳಿದರು. ಇನ್ನು ತಡೆಯಬಾರದು ಎಂದು ಕಂಪನಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ ಬೆಂಗಳೂರಿನ ಕನ್ನಡದಲ್ಲಿ, "ಯಾವ ಥರ ಶಬ್ದ ಬರ್ತಿದೆ ಮೇಡಂ?" ಎಂದಳು. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದೇ ಕಾದಿದ್ದವಳ ಹಾಗೆ ನಾನು ಶುರು ಮಾಡಿದೆ: "ನೋಡವ್ವಾ, ಮೊದ್ಲು ಗುಂಯ್ ಅಂತದ. ನೀರು ತುಂಬಿದ ಮ್ಯಾಲ ಗೊರಗೊರ. ನಡುನಡುವ ಒಂದು ಟಕ್. ಟಕ್ ಅಂದ ಮ್ಯಾಲ ಸ್ವಲ್ಪ ಹೊತ್ತು ಸುಮ್ಕಿರ್ತದ, ಮತ್ತ..." ಹುಡುಗಿ ನನ್ನನ್ನು ಅಲ್ಲಿಗೇ ತಡೆದು, "ಸರಿ ಮೇಡಂ, ಶಬ್ದ ಅಂತ ಬರ್ಕೊಂಡಿದೀನಿ" ಎಂದಳು. ನನಗೆ ಬಲು ನಿರಾಸೆಯಾಯಿತು. ಎಲ್ಲ ಸದ್ದಿಗೂ ಒಂದೇ ಹೆಸರಿಟ್ಟು ಕೈ ತೊಳೆದುಕೊಳ್ಳುವ ಮನೆಯಲ್ಲಿ ನಾನು ಹುಟ್ಟಿದವಳಲ್ಲ.

ಫೋನಿಟ್ಟು, ಉದ್ದನೆಯ ಸ್ಕ್ರೂಡ್ರೈವರ್ ಹುಡುಕಿ ತಂದೆ. ಅದರ ತುದಿಯನ್ನು ಯಂತ್ರದ ಮೈಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೂತೆ. "ಬಂದ್ರಪ್ಪಾ ದೊಡ್ಡ ಡಾಕ್ಟ್ರು" ಎಂದು ಯಜಮಾನರು ನಕ್ಕರು. ನಗಲಿ ಬಿಡಿ. ಅವರದು ಬಟ್ಟೆ ಅಂಗಡಿಯ ಮನೆತನ, ಬಟ್ಟೆ ಯಾವತ್ತೂ ಸದ್ದು ಮಾಡುವುದಿಲ್ಲ.

ನಾನು ಮಾನ್ವಿಯ ಗಿರಣಿ ಮನೆಯ ಮಗಳು. ಗಿರಣಿ ಎಂದರೆ ಅಕ್ಕಿ ಗಿರಣಿ. ಮುಂದೆ ಮನೆ, ಹಿಂದೆ ಗಿರಣಿ, ನಡುವೆ ಭತ್ತ ಒಣಗಿಸುವ ಅಂಗಳ. ಕಾಲುವೆಗೆ ನೀರು ಬಂದು ಸುತ್ತಮುತ್ತಲ ಹೊಲಗಳಲ್ಲಿ ಭತ್ತ ಕಾಣಿಸಿಕೊಂಡ ಮೇಲೆ ನಮ್ಮ ತಾತ ಹಾಕಿದ ಗಿರಣಿ ಅದು. ತಾತನ ನಂತರ ಅಪ್ಪನ ಕೈಗೆ ಬಂತು. ನಾನು ಹೇಳುತ್ತಿರುವುದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಬೆಳಗಾದರೆ ಗಿರಣಿಯ ಧಡಧಡ ಶುರು. ಅದರೊಳಗೇ ನಾವು ಮಗ್ಗಿ ಕಲಿತೆವು, ಜಗಳಾಡಿದೆವು, ಮಧ್ಯಾಹ್ನದ ನಿದ್ದೆ ಮಾಡಿದೆವು. ಹೀಗಾಗಿ ನಮ್ಮ ಮನೆಯಲ್ಲಿ ಮೆತ್ತಗೆ ಮಾತಾಡುವುದು ಯಾರಿಗೂ ಗೊತ್ತಿರಲಿಲ್ಲ. ಮದುವೆಯಾಗಿ ರಾಯಚೂರಿಗೆ ಬಂದ ಹೊಸದರಲ್ಲಿ ನಾನು "ಊಟಕ್ಕ ಬರ್ರಿ" ಎಂದರೆ ಪಕ್ಕದ ಮನೆಯವರು ಏನೋ ಜಗಳ ಹತ್ತಿದೆ ಎಂದು ಕಿಟಕಿ ತೆರೆಯುತ್ತಿದ್ದರು.

ಅಪ್ಪನಿಗೆ ಗಿರಣಿಯ ಒಂದೊಂದು ಸದ್ದೂ ಬೇರೆಬೇರೆಯಾಗಿ ಕೇಳುತ್ತಿತ್ತು. ಸ್ನಾನ ಮಾಡುತ್ತಿದ್ದವನು ಬಚ್ಚಲಿನಿಂದಲೇ, "ಏ, ಎರಡನೇ ಪಟ್ಟಾ ಸಡಿಲಾಗ್ಯಾದ, ನೋಡ್ರಲೇ!" ಎಂದು ಕೂಗುತ್ತಿದ್ದ. ಸಂಶಯ ಬಂದರೆ ಉದ್ದನೆಯ ಸ್ಕ್ರೂಡ್ರೈವರನ್ನು ಬೇರಿಂಗಿಗೆ ಒತ್ತಿ ಹಿಡಿಕೆಗೆ ಕಿವಿಯಿಟ್ಟು ಕೇಳುತ್ತಿದ್ದ. ನನಗೆ ಬಂದ ಪಿತ್ರಾರ್ಜಿತ ಆಸ್ತಿ ಎಂದರೆ ಇದೊಂದೇ ವಿದ್ಯೆ, ಅದೂ ಅರ್ಧಂಬರ್ಧ. ಇನ್ನು ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಮಧ್ಯಾಹ್ನ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿರುವಾಗ ಕರೆಂಟು ಹೋಗಿ ಗಿರಣಿ ನಿಂತರೆ ದಡಕ್ಕನೆ ಎದ್ದು ಕೂತು, "ಏನಾತು? ಏನಾತು?" ಎನ್ನುತ್ತಿದ್ದಳು. ಎಲ್ಲರಿಗೂ ಸದ್ದಿಗೆ ಎಚ್ಚರವಾದರೆ ನಮ್ಮ ಅಜ್ಜಿಗೆ ಸದ್ದು ನಿಂತರೆ ಎಚ್ಚರವಾಗುತ್ತಿತ್ತು.

ಗಿರಣಿ ಇದ್ದ ಮೇಲೆ ಭತ್ತದ ಹೊಟ್ಟು ಬೆಟ್ಟದಷ್ಟು. ಆ ಹೊಟ್ಟನ್ನೇ ಒಲೆಗೆ ತುಂಬಿ ಉರಿಸುತ್ತಿದ್ದೆವು, ನೀರು ಕಾಯಿಸುವುದೂ ಅದರಲ್ಲೇ. ಉಳಿದ ಬೂದಿಗೆ ಮಾನ್ವಿಯಲ್ಲೆಲ್ಲ ಹೆಸರಿತ್ತು. ಪಾತ್ರೆ ಬೆಳಗಲು ಹೊಟ್ಟಿನ ಬೂದಿಯನ್ನು ಮೀರಿಸುವುದು ಇನ್ನೊಂದಿಲ್ಲ. ಮುಟ್ಟಿದರೆ ಹಿಟ್ಟಿನಷ್ಟು ಮೆತ್ತಗೆ ಕಾಣುತ್ತದೆ, ಉಜ್ಜಿ ನೋಡಿದರೆ ಒಳಗೆ ಸಣ್ಣ ಸಣ್ಣ ಹರಳು. ಅದಕ್ಕೊಂದಿಷ್ಟು ಹುಣಸೆಹಣ್ಣು ಸೇರಿಸಿ ತೆಂಗಿನ ನಾರಿನಿಂದ ತಿಕ್ಕಿದರೆ ಎಂಥ ಮಸಿ ಹಿಡಿದ ಪಾತ್ರೆಯೂ ಮುಖ ಕಾಣುವಷ್ಟು ಬೆಳಗುತ್ತಿತ್ತು. ಹಬ್ಬ ಬಂತೆಂದರೆ ಓಣಿಯ ಹೆಂಗಸರು ಬುಟ್ಟಿ ಹಿಡಿದು, "ಯವ್ವಾ, ಒಂದೀಟು ಬೂದಿ ಹಾಕ್ರಿ" ಎಂದು ಬರುತ್ತಿದ್ದರು. ಅಜ್ಜಿ ಅಕ್ಕಿ ಕೊಡುವಾಗಲಾದರೂ ಹಿಂದೆಮುಂದೆ ನೋಡುತ್ತಿದ್ದಳು, ಬೂದಿಯನ್ನು ಮಾತ್ರ ಎರಡೂ ಕೈ ತುಂಬಿ ಹಾಕುತ್ತಿದ್ದಳು. ಅವಳ ಲೆಕ್ಕದಲ್ಲಿ ಬೂದಿ ತಾಗದ ಪಾತ್ರೆ ಎಂಜಲು ಪಾತ್ರೆಯೇ.

ಈಗ ನಮ್ಮ ಅವ್ವನ ವಿಷಯಕ್ಕೆ ಬರುತ್ತೇನೆ. ಅವ್ವ ದೇವದುರ್ಗದ ಕಡೆಯವಳು, ಅರಕೇರಾ ಅವಳ ತವರು. ಆಗ ಆ ಕಡೆಯದೆಲ್ಲ ಒಣ ಬೇಸಾಯ, ನೀರೆಂದರೆ ಬಂಗಾರ. ಸಣ್ಣವಳಿದ್ದಾಗ ರಜೆಗೆ ಅಲ್ಲಿಗೆ ಹೋದರೆ ಅಮ್ಮಮ್ಮನ ಮನೆಯಲ್ಲಿ ಪಾತ್ರೆ ತಿಕ್ಕುವುದನ್ನು ನೋಡುವುದೇ ನನಗೊಂದು ಆಟವಾಗಿತ್ತು. ಒಣ ಬೂದಿಯಲ್ಲಿ ಗಸಗಸ ತಿಕ್ಕಿ, ಒಣ ಬಟ್ಟೆಯಲ್ಲಿ ಒರೆಸಿ, ಕೊನೆಗೆ ಒಂದು ಚರಿಗೆ ನೀರಿನಲ್ಲಿ ಇಡೀ ಮನೆಯ ಪಾತ್ರೆಯನ್ನು ಒಂದಾದ ಮೇಲೆ ಒಂದರಂತೆ ತೋಯಿಸಿ ಎತ್ತಿಬಿಡುತ್ತಿದ್ದರು. ಉಳಿದ ಬಗ್ಗಡ ಬದನೆ ಗಿಡಕ್ಕೆ. ಅಲ್ಲಿಂದ ಬಂದ ಅವ್ವನಿಗೆ ಮಾನ್ವಿಯ ನೀರು ಕಂಡು ಹುಚ್ಚು ಹಿಡಿದಂತಾಗಿತ್ತಂತೆ. "ಮದಿವ್ಯಾದ ಹೊಸದಾಗ ನಿಮ್ಮವ್ವ ಒಂದು ಲೋಟ ತೊಳ್ಯಾಕ ಒಂದು ಕೊಡ ನೀರು ಸುರುವ್ತಿದ್ಳು" ಎಂದು ಅಜ್ಜಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಹಾಗೆ ನೀರು ನೋಡಿ ಖುಷಿಪಟ್ಟವಳ ಕೈಯನ್ನು ಕೊನೆಗೆ ನೀರೇ ತಿಂದಿತು.

ಊರೂರಿಂದ ಭತ್ತ ತಂದ ರೈತರು ಸರದಿ ಬರುವವರೆಗೆ ನಮ್ಮಲ್ಲೇ ಕೂರುವರು, ನಮ್ಮಲ್ಲೇ ಊಟ. ಅವರು ಉಂಡ ಕಂಚಿನ ತಟ್ಟೆಗಳು, ನಮ್ಮ ಮಾತಿನಲ್ಲಿ ಗಂಗಾಳಗಳು, ಬಚ್ಚಲಲ್ಲಿ ಸೊಂಟದೆತ್ತರ ಏಳುತ್ತಿದ್ದವು. ಬೂದಿ, ಹುಣಸೆ, ನೀರು, ಮತ್ತೆ ಬೂದಿ. ಅವ್ವನ ಬೆರಳ ಸಂದಿಗಳು ಬೆಳ್ಳಗಾಗಿ ಒಡೆದವು. ಆಮೇಲೆ ಬೆರಳುಗಳೇ ಬಾತವು. ರೊಟ್ಟಿ ಬಡಿಯುವಾಗ ಹಿಟ್ಟಿನ ಉಪ್ಪು ತಾಗಿ ಅವಳು ತುಟಿ ಕಚ್ಚುತ್ತಿದ್ದುದನ್ನು ನಾನು ನೋಡಿದ್ದೇನೆ. ಮದುವೆಯಲ್ಲಿ ಅಜ್ಜಿ ಹಾಕಿದ್ದ ಹರಳಿನ ಉಂಗುರ ಬೆರಳಲ್ಲಿ ಕೂರದೆ, ಅದನ್ನು ಸೀರೆ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದಳು. ಪೆಟ್ಟಿಗೆಯಲ್ಲಿ ಇಡು ಎಂದರೆ ಇಡಲಿಲ್ಲ. ರಾಯಚೂರಿನ ಡಾಕ್ಟರು ಮುಲಾಮು ಬರೆದುಕೊಟ್ಟು, "ಬೂದಿ ಮತ್ತು ನೀರು ಎರಡರಿಂದಲೂ ಕೈ ದೂರ ಇಡಬೇಕ್ರಿ, ಇಲ್ಲಾಂದ್ರ ಇದು ವಾಸಿ ಆಗಾದಿಲ್ಲ" ಎಂದುಬಿಟ್ಟರು.

ಒಬ್ಬ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅಪ್ಪನೂ ಅದನ್ನೇ ಕೇಳಿದ. ಅಲ್ಲಿ ಅಜ್ಜಿಯ ನೇಮ ಅಡ್ಡ ಬಂತು. ನಮ್ಮದು ಲಿಂಗ ಕಟ್ಟಿದ ಮನೆ. ಉಂಡದ್ದು ಪ್ರಸಾದ, ಅದರಲ್ಲಿ ಒಂದು ಅಗುಳೂ ಬಚ್ಚಲಿಗೆ ಹೋಗಬಾರದು. ಅಜ್ಜಿ ಊಟವಾದ ಮೇಲೆ ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನು ಕುಡಿದು, ಮತ್ತೆ ಬೆರಳಿನಿಂದಲೇ ಒರೆಸಿ ಇಡುತ್ತಿದ್ದಳು. ನಾವೂ ಹಾಗೇ ಮಾಡಬೇಕು. ಶಾಲೆಯ ಗೆಳತಿಯರ ಎದುರು ನನಗೆ ಇದು ನಾಚಿಕೆಯ ವಿಷಯವಾಗಿತ್ತು, ಅದಕ್ಕೇ ಅವರನ್ನು ಊಟಕ್ಕೆ ಕರೆಯದೆ ಬರೀ ಚಹಾಕ್ಕೆ ಕರೆಯುತ್ತಿದ್ದೆ. ಇಂಥ ಗಂಗಾಳ ಹೊರಗಿನವರ ಕೈಗೆ ಹೋಗಬಾರದು, ಮನೆಯವರೇ ಬೆಳಗಬೇಕು ಎಂಬುದು ಅಜ್ಜಿಯ ಹಟ. ಅವಳೂ ಅತ್ತೆಯ ಕಾಲದಿಂದ ಬೆಳಗಿದವಳೇ. ಮಂಡಿ ಹೋದ ಮೇಲೆ ಬಚ್ಚಲಲ್ಲಿ ಕೂರಲು ಆಗುತ್ತಿರಲಿಲ್ಲ. ನಾನೂ ಕೈ ಹಚ್ಚುತ್ತಿದ್ದೆ ಎಂದು ಹೇಳಿಕೊಳ್ಳಬೇಕೆಂದು ಆಸೆ, ಆದರೆ ನಾನು ತೊಳೆದ ಲೋಟವನ್ನು ಅಜ್ಜಿ ಬೆಳಕಿಗೆ ಹಿಡಿದು ನೋಡಿ ಮತ್ತೆ ಅವ್ವನ ಮುಂದೆ ಇಡುತ್ತಿದ್ದಳು.

ಇದೆಲ್ಲ ಅಪ್ಪನ ತಲೆಯಲ್ಲಿ ಕೊರೆಯುತ್ತಿತ್ತೆಂದು ಕಾಣುತ್ತದೆ. ಒಮ್ಮೆ ಗಿರಣಿಗೆ ರಬ್ಬರಿನ ರೋಲರು ತರಲೆಂದು ಹೈದರಾಬಾದಿಗೆ ಹೋದ. ನಮ್ಮ ಕಡೆಯವರಿಗೆ ಆಗ ಬೆಂಗಳೂರು ಬಲು ದೂರ, ಏನು ಬೇಕಾದರೂ ಹೈದರಾಬಾದೇ. ಅಲ್ಲಿ ಪರದೇಶದ ಹಳೆಯ ಸಾಮಾನು ಹರಾಜು ಹಾಕುವ ಅಂಗಡಿಗಳಿದ್ದವು. ಅಪ್ಪ ಒಳಗೆ ಹೋದದ್ದು ನೆರಳಿಗೆಂದು. ಹೊರಗೆ ಬಂದದ್ದು ಬೀರುವಿನಂಥ ಒಂದು ಬಿಳಿ ಪೆಟ್ಟಿಗೆಯ ಜೊತೆ. ಅದನ್ನು ಲಾರಿಗೆ ಹೇರಿಸಿ, ಅದರ ಪಕ್ಕದಲ್ಲೇ ಕೂತು, ಮಾನ್ವಿಗೆ ತಂದು ಇಳಿಸಿದ.

"ರೋಲರೆಲ್ಲಿ?" ಎಂದಳು ಅಜ್ಜಿ.

"ಅದು ಮುಂದಿನ ಸಲ ತಂದ್ರಾತು ಬಿಡವ್ವಾ. ಇದು ಭಾಂಡೆ ತೊಳಿಯೋ ಮಷೀನು. ಗಂಗಾಳ ಒಳಗ ಇಟ್ಟು ಬಾಗಲಾ ಹಾಕಿದ್ರ ಆತು, ತಾನೇ ತೊಳೀತದ."

"ಮನಿಯವರೇ ಬೆಳಗಬೇಕು ಅಂತ ನಾನಂದ್ರ, ನೀನು ಪೆಟಗಿ ತಂದೀಯೇನು?"

"ಪೆಟಗಿನೂ ಈಗ ಮನೀದೇ ಆತಲ್ಲವ್ವಾ. ಹೊರಗಿಂದಂತೂ ಅಲ್ಲ."

ಅವ್ವ ಪೆಟ್ಟಿಗೆಯ ಬಾಗಿಲು ತೆರೆದು, ಒಳಗಿನ ತಂತಿಯ ಹಲಗೆಗಳನ್ನು ಬೆರಳು ತಾಗಿಸದೆ ಅಂಗೈಯಿಂದ ಸವರಿ ನೋಡಿದಳು. ಆ ದಿನ ಅವಳ ಮುಖ ನೋಡಿ ನನಗೂ ಈ ಪೆಟ್ಟಿಗೆ ಹೇಗಾದರೂ ಮಾಡಿ ಕೆಲಸ ಮಾಡಲಿ, ನಮ್ಮ ಮನೆಯಲ್ಲೇ ಉಳಿಯಲಿ ಎನ್ನಿಸಿತು.

ಪಡಸಾಲೆಯ ಮೂಲೆಯಲ್ಲಿ, ಬಚ್ಚಲ ಗೋಡೆಗೆ ಹತ್ತಿ ಅದನ್ನು ಕೂರಿಸಿದರು. ಗಿರಣಿಯ ಲೈನಿನಿಂದ ಕರೆಂಟು ಎಳೆದರು. ನಲ್ಲಿಯಂತೂ ಇರಲಿಲ್ಲ, ಮಾಳಿಗೆಯ ಮೇಲೆ ಒಂದು ಡ್ರಮ್ಮು ಇಟ್ಟು ಅದಕ್ಕೆ ಪೈಪು ಜೋಡಿಸಿದರು. ಡ್ರಮ್ಮಿಗೆ ನೀರು ತುಂಬುವುದು ಗಿರಣಿಯ ಆಳುಗಳ ಕೆಲಸ. ಹರಾಜಿನವನು ಅರ್ಧ ಡಬ್ಬಿ ಸೋಪಿನ ಪುಡಿಯನ್ನೂ ಕೊಟ್ಟಿದ್ದ. ಮೊದಲ ದಿನ ಅಪ್ಪ ಗುಂಡಿ ಒತ್ತಿದಾಗ ಪೆಟ್ಟಿಗೆ ಮೆತ್ತಗೆ ಜುಳುಜುಳು ಎಂದಿತು. ಗಿರಣಿಯ ಸದ್ದಿನಲ್ಲಿ ಅದು ನಡೆಯುತ್ತಿದೆಯೋ ಇಲ್ಲವೋ ಎಂಬುದೇ ಗೊತ್ತಾಗುತ್ತಿರಲಿಲ್ಲ. ನೀರಮಾನ್ವಿಯ ಎಲ್ಲಮ್ಮನ ಗುಡಿಗೆ ಹೋಗಿ ಬರುವ ನೆಂಟರೆಲ್ಲ ದಾರಿ ತಿರುಗಿಸಿ ನಮ್ಮ ಮನೆಗೂ ಬಂದು ಪೆಟ್ಟಿಗೆ ನೋಡಿ ಹೋಗುತ್ತಿದ್ದರು. ಒಬ್ಬ ಮುದುಕಿಯಂತೂ ಎಲ್ಲಮ್ಮನಿಗೆ ಏರಿಸಿ ಉಳಿದ ಭಂಡಾರದ ಅರಿಶಿನವನ್ನು ಅದರ ಬಾಗಿಲಿಗೂ ಹಚ್ಚಿದಳು. ಅಜ್ಜಿ ಮಾತ್ರ ತನ್ನ ಗಂಗಾಳವನ್ನು ಅದರ ಒಳಗೆ ಇಡಲು ಬಿಡಲಿಲ್ಲ. ಕುಡಿದು ಒರೆಸಿದ ಗಂಗಾಳವನ್ನು ತಾನೇ ಒಂದಿಷ್ಟು ಬೂದಿ ತಾಗಿಸಿ ತೊಳೆದು ಬೇರೆ ಇಟ್ಟುಕೊಳ್ಳುತ್ತಿದ್ದಳು.

ಡಬ್ಬಿಯ ಪುಡಿ ಮುಗಿಯಿತು. ಅಂಥ ಪುಡಿ ರಾಯಚೂರಿನಲ್ಲೂ ಸಿಗಲಿಲ್ಲ. ಅವ್ವ ಬಟ್ಟೆ ಒಗೆಯುವ ಸೋಡಾ ಹಾಕಿ ನೋಡಿದಳು. ಗಂಗಾಳಗಳು ಮಬ್ಬಾಗಿ, ಮಂಜು ಕವಿದಂತೆ ಹೊರಬಂದವು. ಊಟಕ್ಕೆ ಕೂತ ಅಪ್ಪ ಗಂಗಾಳವನ್ನು ತಿರುಗಿಸಿ ತಿರುಗಿಸಿ ನೋಡಿ, "ಹಿಂಗಾದ್ರ ಇದನ್ನ ಹೈದರಾಬಾದಿಗೇ ವಾಪಸ್ ಒಯ್ಯೋದು ಚಲೋ" ಎಂದ. ಅವನಿಗೆ ಹರಾಜಿನವನ ಮೇಲೆ ಸಿಟ್ಟು ಬಂದಿತ್ತು, ಅಷ್ಟೇ. ಆದರೆ ಅವ್ವನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಅದಾದ ಮೇಲೆ, ಏನು ಪವಾಡವೋ, ಗಂಗಾಳಗಳು ಮತ್ತೆ ಬೆಳಗತೊಡಗಿದವು. ಸೋಡಾ ಈಗ ಒಗ್ಗಿತು ಎಂದುಕೊಂಡೆವು. ಆದರೆ ಅದರ ಜೊತೆಗೇ ಪೆಟ್ಟಿಗೆಗೆ ದನಿ ಬಂತು. ಮೊದಲು ಸಣ್ಣಗೆ ಗರ್ ಎಂದಿತು. ಬರುಬರುತ್ತ ಗಿರಣಿಯ ಸದ್ದನ್ನೂ ಮೀರಿ ಕೇಳತೊಡಗಿತು. ಅಜ್ಜಿಯ ಲಿಂಗಪೂಜೆ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ. ಅಂಗೈಯಲ್ಲಿ ಲಿಂಗ ಇಟ್ಟು ಕಣ್ಣು ಮುಚ್ಚಿದರೆ ಈ ಕಡೆಯಿಂದ ಗರಗರ. ಒಂದು ಬೆಳಿಗ್ಗೆ ಅವಳು ಪೂಜೆಯಿಂದ ಅರ್ಧಕ್ಕೇ ಎದ್ದು ಬಂದಳು.

"ಗಿರಣಿ ಸದ್ದು ನನ್ನ ಗಂಡನ ಸದ್ದು, ಅದು ನನಗ ಕೇಳ್ಸಾದೇ ಇಲ್ಲ. ಇದು ಯಾರ ಸದ್ದು? ಅಮಾಸಿ ತನಕ ನೋಡ್ತೀನಿ. ಅಷ್ಟ್ರಾಗ ಇದರ ಬಾಯಿ ಮುಚ್ಚಿಸು. ಇಲ್ಲಾಂದ್ರ ಗೋದಾಮಿಗೆ ಒಯ್ದು ಹಾಕು."

ಅಜ್ಜಿಯ ಮಾತೆಂದರೆ ನಮ್ಮ ಮನೆಯಲ್ಲಿ ಮಾತು. ಅವ್ವನ ಬೆರಳ ಸಂದಿಗಳಲ್ಲಿ ಆಗ ತಾನೇ ಹೊಸ ಚರ್ಮ ಕಾಣಿಸಿಕೊಂಡಿತ್ತು. ಅಮಾವಾಸ್ಯೆಗೆ ಹೆಚ್ಚು ದಿನಗಳಿರಲಿಲ್ಲ. ಅಪ್ಪ ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

ಮೊದಲು ಪೆಟ್ಟಿಗೆ ಸಮ ಕೂತಿಲ್ಲ ಎಂದ. ನೀರು ಬಚ್ಚಲಿಗೆ ಹರಿದು ಹೋಗಲೆಂದು ಹಾಸುಗಲ್ಲನ್ನು ಇಳಿಜಾರಾಗಿ ಹಾಕಿದ್ದರು, ಅದಕ್ಕೇ ಅಲುಗಾಡಿ ಸದ್ದು ಮಾಡುತ್ತದೆ. ಗೋಣಿಚೀಲ ಮಡಿಸಿ ಕಾಲಡಿ ಇಟ್ಟರು. ಮೈ ನಡುಗುವುದು ನಿಂತಿತು, ಗರಗರ ನಿಲ್ಲಲಿಲ್ಲ. ಮರುದಿನ ನೀರು ಸಾಲುತ್ತಿಲ್ಲ, ಪಂಪು ಗಾಳಿ ಎಳೆಯುತ್ತಿದೆ ಎಂದ. ಮಾಳಿಗೆಯ ಡ್ರಮ್ಮಿನ ಕೆಳಗೆ ಇಟ್ಟಿಗೆ ಜೋಡಿಸಿ ಇನ್ನಷ್ಟು ಮೇಲೆತ್ತಿದರು. ಗುಳುಗುಳು ಎನ್ನುವುದು ಹೋಯಿತು, ಗರಗರ ಉಳಿಯಿತು. ನಡುನಡುವೆ ಬರುವ ಟಕ್‌ಟಕ್ ಕೇಳಿ ಅಪ್ಪ ಮತ್ತೊಮ್ಮೆ ಕಣ್ಣು ಮುಚ್ಚಿ ಕಿವಿಯಿಟ್ಟ. ಒಳಗೆ ನೀರು ಚಿಮ್ಮಿಸುತ್ತ ತಿರುಗುವ ರೆಕ್ಕೆಗೆ ಹಿಟ್ಟು ತಿರುವುವ ಹುಟ್ಟಿನ ಹಿಡಿಕೆ ಬಡಿಯುತ್ತಿತ್ತು. ಅದನ್ನು ಇಟ್ಟವಳು ನಾನು. ಹುಟ್ಟು ಹೊರಗೆ ಬಂತು, ನನ್ನ ಕಿವಿಯನ್ನೂ ಅಪ್ಪ ಒಮ್ಮೆ ಹಿಂಡಿದ. ಟಕ್‌ಟಕ್ ನಿಂತಿತು. ಈಗ ಉಳಿದ ಗರಗರ ಇನ್ನೂ ಚೊಕ್ಕವಾಗಿ ಕೇಳತೊಡಗಿತು.

"ಇದು ಉಸುಕು ತಿಂದ ಬೇರಿಂಗಿನ ಸದ್ದು" ಎಂದು ಅಪ್ಪ ತೀರ್ಪು ಕೊಟ್ಟ. ಬಾವಿ ನೀರಿನಲ್ಲಿ ಉಸುಕು ಬರುತ್ತಿದೆ ಎಂದು ಪೈಪಿನ ಬಾಯಿಗೆ ಅವ್ವನ ಹಳೆಯ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿದರು. ಸದ್ದು ಜಗ್ಗಲಿಲ್ಲ. ಅಜ್ಜಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ, ದಿನಕ್ಕೊಮ್ಮೆ, "ಅಮಾಸಿ ಬಂತು ನೋಡು" ಎನ್ನುತ್ತಿದ್ದಳು. ಅವ್ವ ಯಾರಿಗೂ ಹೇಳದೆ ಬಚ್ಚಲ ಗೂಡಿನಲ್ಲಿ ಬಿಸಾಡಿದ್ದ ತೆಂಗಿನ ನಾರನ್ನು ಮತ್ತೆ ತೆಗೆದು ಬಿಸಿಲಿಗೆ ಹಾಕಿದ್ದನ್ನು ನಾನು ನೋಡಿದೆ. ನನಗೆ ಅಳು ಬಂತು. ಅಜ್ಜಿ ಎಷ್ಟು ಕಲ್ಲು ಮನಸ್ಸಿನವಳು ಎಂದುಕೊಂಡೆ, ಅವಳ ಜೊತೆ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತಾಗಲೇ ಇಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಗಿರಣಿಗೆ ರಜೆ ಕೊಟ್ಟು ಅಪ್ಪ ಪೆಟ್ಟಿಗೆಯನ್ನು ಮಲಗಿಸಿ ಬಿಚ್ಚಿಸಿದ. ಗಿರಣಿಯ ಫಿಟ್ಟರ್ ಮಹಬೂಬ ಸಾಬರು ತಳದ ಪಂಪನ್ನು ಹೊರತೆಗೆದು ಮುಚ್ಚಳ ಬಿಡಿಸಿದರು. ಒಳಗೆ ಕರ್ರಗೆ ಕೆಸರು. ಅಪ್ಪ ಬೆರಳಲ್ಲಿ ಅದ್ದಿ ನೋಡಿ, "ಉಸುಕಲ್ಲ ಇದು" ಎಂದ. ಸಾಬರು ಮೂಸಿ ನೋಡಿ, "ಗ್ರೀಸ್ ಭೀ ಅಲ್ರಿ ಸೇಠ್‌ಜೀ" ಎಂದರು. ಇಬ್ಬರೂ ಮುಖಮುಖ ನೋಡಿಕೊಂಡರು.

ಬಾಗಿಲಲ್ಲಿ ನಿಂತಿದ್ದ ಅವ್ವ, "ಇತ್ತ ಕೊಡ್ರಿ ನೋಡಾಮು" ಎಂದಳು. ಒಂದು ಚಿಟಿಕೆ ಕೆಸರನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಮೆಲ್ಲಗೆ ಉಜ್ಜಿದಳು. ಉಜ್ಜುತ್ತಲೇ ಸ್ ಎಂದು ಕೈ ಹಿಂದೆಗೆದಳು. ಹೊಸ ಚರ್ಮಕ್ಕೆ ಉರಿ ಹತ್ತಿತ್ತು.

"ಇದು ನಮ್ಮ ಹೊಟ್ಟಿನ ಬೂದಿ ಅದ" ಎಂದಳು. "ನನ್ನ ಕೈಗೆ ಗೊತ್ತಾಗಾದಿಲ್ಲೇನು?"

ಎಲ್ಲರ ಕಣ್ಣೂ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದವಳ ಕಡೆ ತಿರುಗಿತು. ಅಜ್ಜಿ ಮೊರದಿಂದ ತಲೆ ಎತ್ತಲಿಲ್ಲ.

"ಹೌದು, ನಾನೇ ಹಾಕೀನಿ" ಎಂದಳು. "ದಿನಾ ಒಂದು ಮುಟಗಿ. ನೀನು ನೀರು ಬಿಡಾಕ ಹೇಳ್ಲಿಕ್ಕೆ ಹೊರಗ ಹೋದಾಗ ಬಾಗಲಾ ತೆಗದು ಹಾಕ್ತಿದ್ದೆ. ಒಂದೀಟು ಹುಣಸಿಹಣ್ಣೂ ಹಾಕ್ತಿದ್ದೆ."

ಅಪ್ಪ ತಲೆ ಮೇಲೆ ಕೈ ಹೊತ್ತ. ಸಾಬರು ಮುಖ ಆ ಕಡೆ ತಿರುಗಿಸಿಕೊಂಡು ನಗು ನುಂಗಿದರು. ಅವ್ವನಿಗೆ ಮಾತ್ರ ನಗು ಬರಲಿಲ್ಲ.

"ಅತ್ತಿ, ಇದು ಮನ್ಯಾಗ ಇರೋದು ನಿಮಗ ಅಷ್ಟೂ ಬ್ಯಾಡಾಗಿತ್ತೇನ್ರಿ? ಬ್ಯಾಡ ಅಂತ ಒಂದು ಮಾತು ಹೇಳಿದ್ರ ನಾನೇ ಬಿಡ್ತಿದ್ದೆ. ಅದನ್ನ ಕೆಡಿಸಬೇಕಾಗಿತ್ತೇನ್ರಿ?"

ಆಗ ಅಜ್ಜಿ ಮೊರ ಕೆಳಗಿಟ್ಟಳು. ಅವಳ ಮುಖದಲ್ಲಿ ನಿಜವಾದ ಬೆರಗಿತ್ತು.

"ಕೆಡಸೋದು? ಅಯ್ಯ ಹುಚ್ಚಿ! ಕೆಡಸಾಕ ಯಾರರ ಬೂದಿ ಹಾಕ್ತಾರೇನು? ಗಂಗಾಳ ಮಬ್ಬಾಗ್ಯಾವ, ವಾಪಸ್ ಒಯ್ತೀನಿ ಅಂತ ಇವ ಅಂದಿದ್ದಿಲ್ಲೇನು? ಬೂದಿ ಇಲ್ದ ಭಾಂಡೆ ಹೆಂಗ ಬೆಳಗ್ಯಾವು? ಇವ ಇದನ್ನ ಒಯ್ದ ಮ್ಯಾಲ ಬೂದ್ಯಾಗ ಕೈ ಇಡಾಕಿ ಯಾರು, ಮತ್ತ ನೀನೇ ಅಲ್ಲೇನು? ಅದಕ್ಕ ಹಾಕಿದೆ. ನಿನ್ನ ಕೈ ತಿನ್ನೋ ಬೂದಿನ ಇದು ತಿನ್ಲಿ ಅಂತ ಹಾಕಿದೆ."

"ಮತ್ತ ಸದ್ದು ಮಾಡ್ತದ, ಗೋದಾಮಿಗೆ ಹಾಕು ಅಂತ ನೀನೇ ಅಂದಿದ್ದೆಲ್ಲವ್ವಾ" ಎಂದ ಅಪ್ಪ.

"ಸದ್ದು ಮಾಡಿದ್ರ ಅನ್ನಬಾರದೇನು? ಅದು ಬ್ಯಾರೆ, ಇದು ಬ್ಯಾರೆ" ಎಂದು ಅಜ್ಜಿ ಮತ್ತೆ ಮೊರ ಎತ್ತಿಕೊಂಡಳು. ಆ ಸದ್ದಿಗೂ ತನ್ನ ಬೂದಿಗೂ ಸಂಬಂಧವಿದೆ ಎಂಬುದು ಅವಳಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅವ್ವ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಮೊದಲು ಅತ್ತಳು, ಆಮೇಲೆ ನಕ್ಕಳು, ಆಮೇಲೆ ಎರಡೂ ಕೂಡಿಯೇ ಬಂದವು. ನಾನು ಅಜ್ಜಿಯ ಜೊತೆ ಮತ್ತೆ ಮಾತಾಡಲು ಶುರು ಮಾಡಿದೆ. ಅದೂ ಅವಳಿಗೆ ಗೊತ್ತಾಗಲಿಲ್ಲ.

ಸಾಬರು ಪಂಪನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅಚ್ಚಿನ ಸುತ್ತ ಸವೆದಿದ್ದ ಬುಷ್ಷಿನ ಬಳೆಯ ಜಾಗಕ್ಕೆ ಹೊಸದೊಂದನ್ನು ಕಡೆದು ಹಾಕಿದರು. ಹೈದರಾಬಾದಿನಿಂದ ಪುಡಿಯ ಡಬ್ಬಿಗಳನ್ನೇ ತರಿಸುವ ವ್ಯವಸ್ಥೆಯಾಯಿತು. ಅಮಾವಾಸ್ಯೆಯ ಹೋಳಿಗೆ ಊಟದ ಗಂಗಾಳಗಳನ್ನೆಲ್ಲ ತುಂಬಿ ಅಪ್ಪ ಗುಂಡಿ ಒತ್ತಿದ. ಮೊದಲ ದಿನದ ಹಾಗೆ ಬರೀ ಜುಳುಜುಳು. ಅಪ್ಪ ಗೆದ್ದವನಂತೆ ಮೀಸೆ ತಿರುವಿದ. ಆದರೆ ಅಜ್ಜಿಗೆ ಈಗ ಹೊಸ ಸಂಶಯ ಹತ್ತಿತು. ಸದ್ದಿಲ್ಲದ ಯಂತ್ರ ಕೆಲಸ ಮಾಡುತ್ತದೆಂದು ಗಿರಣಿ ಮನೆಯವಳು ಹೇಗೆ ನಂಬಬೇಕು? ಎದ್ದು ಬಂದು, ಗಂಟು ಬಿದ್ದ ಬೆರಳುಗಳ ಕೈಯನ್ನು ಪೆಟ್ಟಿಗೆಯ ಮೈಮೇಲೆ ಅಗಲವಾಗಿ ಇಟ್ಟು ನಿಂತಳು. ಒಳಗಿನ ನೀರು ಕೈಗೆ ತಟ್ಟಿರಬೇಕು. "ತೊಳಿಯಾಕತ್ತದ ಬಿಡು" ಎಂದು ಹೋದಳು. ಅಂದಿನಿಂದ ಅದು ಅವಳ ದಿನಚರಿಯಾಯಿತು. ಪೂಜೆ ಮುಗಿಸಿ, ವಿಭೂತಿ ಹಚ್ಚಿದ ಕೈಯನ್ನು ಪೆಟ್ಟಿಗೆಯ ಮೇಲಿಟ್ಟು, ತೊಳಿಯಾಕತ್ತದ ಎಂದು ತಾನೇ ಖಾತ್ರಿ ಮಾಡಿಕೊಂಡು ಮುಂದಿನ ಕೆಲಸ. ಬಿಳಿ ಪೆಟ್ಟಿಗೆಯ ತಲೆಯ ಮೇಲೆ ವಿಭೂತಿಯ ಮೂರು ಬೆರಳ ಗುರುತು ಸದಾ ಇರುತ್ತಿತ್ತು.

ಪೆಟ್ಟಿಗೆ ಕೆಲವು ವರ್ಷ ಚೆನ್ನಾಗಿ ನಡೆದು, ಆಮೇಲೆ ಸಾಮಾನು ಸಿಗದೆ ನಿಂತಿತು. ಅಷ್ಟರಲ್ಲಿ ಮಾನ್ವಿಗೂ ಪಾತ್ರೆ ತೊಳೆಯುವ ಸೋಪು ಬಂದಿತ್ತು, ಕಂಚಿನ ಗಂಗಾಳಗಳು ಅಟ್ಟ ಹತ್ತಿ ಸ್ಟೀಲಿನ ತಾಟುಗಳು ಇಳಿದಿದ್ದವು, ಬೂದಿಯ ಕಾಲ ಮುಗಿದಿತ್ತು. ಕೆಟ್ಟ ಪೆಟ್ಟಿಗೆಯನ್ನೂ ಅಜ್ಜಿ ಗೋದಾಮಿಗೆ ಹಾಕಲು ಬಿಡಲಿಲ್ಲ. ತಾಟು ನಿಲ್ಲಿಸುವ ತಂತಿಗಳ ಸಂದಿಯಲ್ಲಿ ಖಡಕ್ ರೊಟ್ಟಿಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ಇಡತೊಡಗಿದಳು. ಇರುವೆ ಹೋಗುತ್ತಿರಲಿಲ್ಲ, ರೊಟ್ಟಿ ಮುರಿಯುತ್ತಿರಲಿಲ್ಲ. ಅದನ್ನು ಮಾಡಿದ ಪರದೇಶದ ಪುಣ್ಯಾತ್ಮ ಬಂದು ನೋಡಿದ್ದರೆ ನನ್ನ ಯಂತ್ರಕ್ಕೆ ಸರಿಯಾದ ಕೆಲಸ ಸಿಕ್ಕಿತು ಎಂದೇ ಹೇಳುತ್ತಿದ್ದ.

ಆದರೆ ನನಗೆ ನೆನಪಿರುವುದು ಪೆಟ್ಟಿಗೆ ಜುಳುಜುಳು ಎನ್ನುತ್ತಿದ್ದ ದಿನಗಳ ಒಂದು ಮಧ್ಯಾಹ್ನ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಜ್ಜಿ ಎದುರಿಗೆ ಕೂತು ಅವಳ ಕೈಗಳನ್ನೇ ನೋಡುತ್ತಿದ್ದಳು. ಒಮ್ಮೆಲೆ, "ಶರಣವ್ವಾ, ಕೈ ತೊಳ್ಕೊಂಡು ಇಲ್ಲಿ ಬಾ" ಎಂದಳು. ಅವ್ವ ಏನಾಯಿತೋ ಎಂದು ಹಿಟ್ಟಿನ ಕೈ ತೊಳೆದು ಬಂದಳು. ಅಜ್ಜಿ ಅವಳ ಸೆರಗಿನ ಗಂಟನ್ನು ತಾನೇ ಬಿಚ್ಚಿ ಹರಳಿನ ಉಂಗುರ ತೆಗೆದು, ಸೊಸೆಯ ಬೆರಳನ್ನು ಹಿಡಿದು, ಮೆಲ್ಲಗೆ ತಿರುವುತ್ತ ತೊಡಿಸಿದಳು. ಉಂಗುರ ಎಲ್ಲೂ ತಡೆಯದೆ ತನ್ನ ಜಾಗಕ್ಕೆ ಹೋಗಿ ಕೂತಿತು. ಅಜ್ಜಿ ಆ ಕೈಯನ್ನು ತಕ್ಷಣ ಬಿಡಲಿಲ್ಲ. ಅವ್ವನೂ ಎಳೆದುಕೊಳ್ಳಲಿಲ್ಲ. ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂದಮೇಲೆ ಇಬ್ಬರೂ ಒಟ್ಟಿಗೇ, "ಏ, ರೊಟ್ಟಿ ತಿರುವೇ!" ಎಂದು ನನ್ನ ಮೇಲೆ ಹರಿಹಾಯ್ದರು.

ನಿನ್ನೆ ಕಂಪನಿಯವನು ಬಂದು ನಮ್ಮ ಯಂತ್ರದ ತಳದಲ್ಲಿ ಸಿಕ್ಕಿಕೊಂಡಿದ್ದ ಹುಣಸೆಬೀಜ ತೆಗೆದು ಹೋದ. ಹುಣಸೆ ನೆನೆಸಿದ ಬಟ್ಟಲನ್ನು ಹಾಗೇ ಒಳಗಿಟ್ಟವಳು ನಾನೇ, ಬೇರೆ ಯಾರು. ಈಗ ಅದು ಉಸಿರೂ ಕೇಳಿಸದಂತೆ ನಡೆಯುತ್ತಿದೆ. ಯಜಮಾನರು ಪೇಪರು ಓದುತ್ತಿದ್ದಾರೆ. ಉಂಗುರವಿರುವ ಕೈಯನ್ನು ಅದರ ಮೇಲೆ ಅಗಲವಾಗಿ ಇಟ್ಟು ನಿಂತಿದ್ದೇನೆ. ಉಂಗುರ ಅವ್ವನದು, ಅವ್ವನಿಗೆ ಅಜ್ಜಿ ಕೊಟ್ಟದ್ದು. ಕೈಗೆ ನೀರಿನ ತಟ್ಟುವಿಕೆ ಸಿಗುತ್ತಿದೆ.

"ತೊಳಿಯಾಕತ್ತದ ಬಿಡು" ಎಂದೆ.